ಪಟ್ಟ ಕಟ್ಟದ ನುಗ್ಗೇಹಳ್ಳಿ

2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ವಿಶ್ವಪರಂಪರೆಯ ಪಟ್ಟ ಕಟ್ಟಿತು. ಚನ್ನರಾಯಪಟ್ಟಣದ ಕಡೆಯ ನುಗ್ಗೇಹಳ್ಳಿಗೆ ಆ ಭಾಗ್ಯವಿಲ್ಲ. ಒಳ್ಳೆಯದೇ ಆಯಿತು, ಸೆಲ್ಫಿ ಕೋಲುಗಳ ತಿವಿತವಿಲ್ಲದೆ ಲಕ್ಷ್ಮೀನರಸಿಂಹನ ಗುಡಿ ಸುತ್ತಬಹುದು.

ಸುತ್ತಬೇಕಾದ್ದು ಬರಿಗಾಲಲ್ಲಿ. ಮಧ್ಯಾಹ್ನದ ಹಾಸುಗಲ್ಲಿನ ಮೇಲೆ ಎಂಥ ಅರಸಿಕನೂ ಭರತನಾಟ್ಯ ಆಡುತ್ತಾನೆ. "ರೀ, ನಿಂತು ನೋಡ್ರೀ" ಅಂತಾಳೆ ನನ್ನಾಕೆ, ತಾನು ಮಾತ್ರ ನೆರಳಲ್ಲಿ ನಿಂತು!

1246ರಲ್ಲಿ ಇದನ್ನು ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಕೆತ್ತಿದ ಬೈಚೋಜ, ಮಲ್ಲಿತಮ್ಮರ ಹೆಸರುಗಳು ವಿಗ್ರಹಗಳ ಕೆಳಗೇ ಇವೆ. ನಮ್ಮ ಬೀದಿಯ ಚರಂಡಿಗೂ ಗ್ರಾನೈಟ್ ಫಲಕವಿದೆ: ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು. ಗಾರೆಯವನ ಹೆಸರೊಂದಿಲ್ಲ. ಚರಂಡಿಯಲ್ಲಿ ನೀರು ಹರಿಯುವ ದಿಕ್ಕು ನೋಡಿದರೆ, ಪಾಪ, ಅವನೇ ಬೇಡವೆಂದಿರಬೇಕು.