ಟ್ರಿಪಲ್ ಸೆವೆನ್ ರಾಯರು

ಲಿನಕ್ಸ್ ಸರ್ವರ್ ಇರುವ ಕಚೇರಿಗಳಲ್ಲೆಲ್ಲ ಒಬ್ಬ ಟ್ರಿಪಲ್ ಸೆವೆನ್ ರಾಯರು ಇದ್ದೇ ಇರುತ್ತಾರೆ. ತೆರೆಯ ಮೇಲೆ ‘ಪರ್ಮಿಷನ್ ಡಿನೈಡ್’ ಎಂದು ಮೂಡಿದರೆ ಸಾಕು, ಮಿಕ್ಕವರು ಕಾರಣ ಹುಡುಕುವಷ್ಟರಲ್ಲಿ ರಾಯರು ಇಡೀ ಫೋಲ್ಡರಿಗೆ ಅನುಮತಿ ಬದಲಿಸುವ ‘ಸಿಎಚ್‌ಮಾಡ್ 777’ ಹೊಡೆದಾಗಿರುತ್ತದೆ. ಓದಲು 4, ಬರೆಯಲು 2, ನಡೆಸಲು 1, ಒಟ್ಟು 7. ಒಡೆಯನಿಗೊಂದು, ಗುಂಪಿಗೊಂದು, ದಾರಿಹೋಕರಿಗೊಂದು ಏಳು ಹಂಚಿಬಿಡುವುದೇ ರಾಯರ ಸಮಾಜವಾದ. “ಮೊದ್ಲು ಕೆಲಸ ಆಗ್ಲಿ, ಸೆಕ್ಯುರಿಟಿ ಆಮೇಲೆ ನೋಡೋಣ” ಎನ್ನುತ್ತಾರೆ. ಆ ‘ಆಮೇಲೆ’ ಬಂದದ್ದನ್ನು ಯಾರೂ ಕಂಡಿಲ್ಲ.

ಫೈಲ್ ಸಿಸ್ಟಮ್‌ಗೆ ಒಂದೇ ಪದರ ಇದ್ದಷ್ಟು ಕಾಲ ಈ ವಿದ್ಯೆ ಹೇಗೋ ನಡೆಯಿತು. 2014ರ ಕೊನೆಗೆ ಲಿನಕ್ಸ್ 3.18ರೊಳಗೆ ಓವರ್‌ಲೇ ಫೈಲ್ ಸಿಸ್ಟಮ್ ಸೇರಿ, ಮುಂದೆ ಕಂಟೇನರ್ ನಡೆಸುವ ಡಾಕರ್ ಅದನ್ನೇ ನೆಚ್ಚಿಕೊಂಡ ಮೇಲೆ ರಾಯರಿಗೆ ಗ್ರಹಚಾರ ಶುರುವಾಯಿತು. ಇದರಲ್ಲಿ ಕೆಳಪದರ ಓದುವುದಕ್ಕಷ್ಟೇ, ಬರೆದದ್ದೆಲ್ಲ ಮೇಲ್ಪದರಕ್ಕೆ. ನೋಡುವವರಿಗೆ ಮಾತ್ರ ಎರಡೂ ಸೇರಿ ಒಂದೇ ಡೈರೆಕ್ಟರಿ. ಕೆಳಗಿನ ಫೈಲನ್ನು ತಿದ್ದಲು ಹೊರಟರೆ ಮೊದಲು ಅದರ ಪೂರ್ತಿ ನಕಲು ಮೇಲಕ್ಕೆ ಏರುತ್ತದೆ. ಇದೇ ಕಾಪಿ-ಅಪ್. ಫೈಲಿನ ಒಂದಕ್ಷರ ಮುಟ್ಟದೆ ಬರೀ ಅನುಮತಿ ಬದಲಿಸಿದರೂ, ವಿಶೇಷ ಏರ್ಪಾಡು ಇಲ್ಲದಿದ್ದರೆ ನಕಲು ಪೂರ್ತಿಯೇ. ಹೀಗಾಗಿ ಕಂಟೇನರಿನ ಇಮೇಜ್ ಕಟ್ಟುವಾಗ ಕಡೆಯ ಸಾಲಿನಲ್ಲಿ 1 ಜಿಬಿ ಫೋಲ್ಡರಿಗೆ ರಾಯರು 777 ದಯಪಾಲಿಸಿದರೆ ಇಮೇಜು ಇನ್ನೊಂದು ಜಿಬಿ ಊದಿಕೊಳ್ಳುತ್ತದೆ. ರಾಯರು ಹೊಸ ಡಿಸ್ಕಿಗೆ ಇಂಡೆಂಟ್ ಹಾಕುತ್ತಾರೆ.

ಇಷ್ಟಾದರೂ ತೊಂದರೆ ಕೆಲವೊಮ್ಮೆ ಹಾಗೇ ಇರುತ್ತದೆ, ಏಕೆಂದರೆ ಗಂಟು ಬೇರೆಲ್ಲೋ ಬಿದ್ದಿರುತ್ತದೆ. ಮೇಲ್ಪದರದ ಡೈರೆಕ್ಟರಿಯನ್ನು ರೂಟ್ ಬಳಕೆದಾರ 700 ಅನುಮತಿಯಲ್ಲಿ ಸೃಷ್ಟಿಸಿದ್ದರೆ, ಪದರಗಳು ಸೇರಿದ ಡೈರೆಕ್ಟರಿಯ ಹೆಬ್ಬಾಗಿಲಿಗೂ ಅದೇ 700. ಕೆಳಪದರದ ಸಾವಿರಾರು ಫೈಲುಗಳಿಗೆ ಏಳು ಹಂಚಿ ಬಂದರೂ ಆ ಬಾಗಿಲು ಅಲುಗುವುದಿಲ್ಲ. ಮೌಂಟ್ ಆಗಿರುವಾಗ ಕೆಳಪದರಕ್ಕೆ ನೇರವಾಗಿ ಕೈಹಾಕಿದರೆ ಏನಾದೀತೆಂದು ಕರ್ನಲ್ಲೂ ಭರವಸೆ ಕೊಡುವುದಿಲ್ಲ; ಇದನ್ನು ಓದಲು ರಾಯರಿಗೆ ಪುರುಸೊತ್ತು ಎಲ್ಲಿದೆ? ಇನ್ನು ಕೆಲವು ಸಲ ತಕರಾರು ಒಡೆತನದ್ದು. ಕರ್ನಲ್‌ಗೆ ಬಳಕೆದಾರರ ಹೆಸರು ಬೇಕಿಲ್ಲ, ಸಂಖ್ಯೆ ಸಾಕು. ಫೈಲು 1000ದ ಹೆಸರಿನಲ್ಲಿದ್ದು ಕಂಟೇನರ್ ಒಳಗಿನ ಪ್ರೋಗ್ರಾಂ 999 ಆಗಿದ್ದರೆ ಜಗಳ ಆಗಬಹುದು. ಒಡೆಯನನ್ನು ಬದಲಿಸುವ ಒಂದು ‘ಸಿಎಚ್‌ಓನ್’ನಲ್ಲಿ ಮುಗಿಯುವ ವ್ಯಾಜ್ಯ ಅದು. ಆದರೆ ಒಡೆಯ ಯಾರೆಂದು ವಿಚಾರಿಸುವುದು ರಾಯರ ಜಾಯಮಾನವಲ್ಲ.

ರಾಯರ ಔದಾರ್ಯವನ್ನು ನಿರಾಕರಿಸುವ ಸ್ವಾಭಿಮಾನಿಗಳೂ ಇದ್ದಾರೆ. ಖಾಸಗಿ ಕೀಗೆ 777 ಕೊಟ್ಟರೆ ಎಸ್ಎಸ್ಎಚ್ ಅದನ್ನು ಮೂಸಿಯೂ ನೋಡುವುದಿಲ್ಲ. ರೂಟ್ ಡೈರೆಕ್ಟರಿಯಿಂದಲೇ ಹಂಚಿಕೆ ಶುರುವಾದರಂತೂ ಮುಗಿಯಿತು. 777 ಎಂಬ ಅಂಕಿ ಪ್ರೋಗ್ರಾಂ ಫೈಲುಗಳನ್ನು ಒಡೆಯನ ಅಧಿಕಾರದಲ್ಲಿ ನಡೆಸುವ ಸೆಟ್‌ಯುಐಡಿ ಬಿಟ್ ಅನ್ನು ಅಳಿಸುತ್ತದೆ. ರೂಟ್ ಅಧಿಕಾರ ಕೊಡಿಸುವ ಸುಡೋ ಆ ಬಿಟ್ ಇಲ್ಲದೆ ಕೆಲಸ ಮಾಡುವುದಿಲ್ಲ. ಎಲ್ಲರಿಗೂ ಎಲ್ಲ ಅಧಿಕಾರ ಕೊಟ್ಟ ರಾಯರಿಗೆ ಅದನ್ನು ವಾಪಸು ಪಡೆಯುವ ಅಧಿಕಾರವೇ ಉಳಿದಿರುವುದಿಲ್ಲ. ಆಗ ಹೊರಬೀಳುತ್ತದೆ ಅವರ ಬತ್ತಳಿಕೆಯ ಎರಡನೇ ಅಸ್ತ್ರ: “ಫಾರ್ಮ್ಯಾಟ್ ಮಾಡ್ಬಿಡೋಣ.”