ಮೇಲೆ ಸಂಡಿಗೆ, ಕೆಳಗೆ ಮೊಮ್ಮಕ್ಕಳು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಎನ್ನುತ್ತಾರೆ. ಅದು ಖಾಲಿ ಮಾಡಿದ ಜಾಗಕ್ಕೆ ಬಿಸಿಲು ಬಂದು ಕೂರುತ್ತದೆ ಅಂದುಕೊಂಡಿದ್ದರೆ ನಿಮಗಿನ್ನೂ ಮೊಮ್ಮಕ್ಕಳಾಗಿಲ್ಲ ಎಂದರ್ಥ. ಬಂದು ಕೂರುವುದು ರಜೆಯ ಮಾತು. ಶಾಲೆಗೆ ರಜೆ ಸಿಗುವುದು ಏಪ್ರಿಲ್ 11ಕ್ಕೆ. ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಅದು ಫೆಬ್ರುವರಿಯಲ್ಲೇ ಶುರು. ಮುಂಚೆ ಇನ್ನೂ ಘೋರವಾಗಿತ್ತು. ರೈಲಿನ ಟಿಕೆಟ್ಟು 120 ದಿನ ಮೊದಲೇ ಸಿಗುತ್ತಿದ್ದ ಕಾಲದಲ್ಲಿ ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದುಕೊಂಡು ಬೇಸಿಗೆಯ ಬಗ್ಗೆ ಜಗಳವಾಡುತ್ತಿದ್ದೆವು. 2024ರ ನವೆಂಬರಿನಿಂದ ರೈಲ್ವೆಯವರು ಅದನ್ನು 60 ದಿನಕ್ಕೆ ಇಳಿಸಿದ ಮೇಲೆ ನಮ್ಮ ಮನೆಗೂ ಎರಡು ತಿಂಗಳ ಶಾಂತಿ ಸಿಕ್ಕಿದೆ.

ಜಗಳ ಟಿಕೆಟ್ಟಿನದಲ್ಲ, ತಾರೀಖಿನದು. ಬೆಂಗಳೂರಿನ ಮಗಳ ಮಕ್ಕಳು ಸ್ಟೇಟ್ ಸಿಲಬಸ್. ಅವರಿಗೆ ಏಪ್ರಿಲ್ 10ಕ್ಕೆ ರಿಸಲ್ಟು, ಮೇ 29ಕ್ಕೆ ಮತ್ತೆ ಶಾಲೆ. ಪುಣೆಯಲ್ಲಿರುವ ಮಗನ ಮಗ ಸಿಬಿಎಸ್‌ಇ. ಅವನಿಗೆ ಏಪ್ರಿಲ್‌ನಲ್ಲಿ ಹೊಸ ಕ್ಲಾಸು ಶುರು ಮಾಡಿ, ಪುಸ್ತಕಕ್ಕೆ ಬೈಂಡು ಹಾಕಿಸಿ, ಆಮೇಲೆ ಮನೆಗೆ ಕಳಿಸುತ್ತಾರೆ. ಮೈಸೂರಿನ ಮಗಳ ಪುಟ್ಟಿಗೆ ನಾಲ್ಕು ವರ್ಷ, ಅವಳಿಗೆ ಯಾವ ಸಿಲಬಸ್ಸಿನ ಹಂಗೂ ಇಲ್ಲ. ಆದರೆ ಅವಳಮ್ಮ ಬ್ಯಾಂಕಿನವಳು, ಬ್ಯಾಂಕಿಗೆ ಬೇಸಿಗೆ ರಜೆ ಎಂಬುದೇ ಇಲ್ಲ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತ-ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಕೆಂಪು ಪೆನ್ನಿನಲ್ಲಿ ಮೂರು ಸುತ್ತು ಎಳೆದು, ಕನ್ನಡಕ ತೆಗೆದು ಘೋಷಿಸಿದರು: “ಮೂರೂ ಗಣಗಳ ಛೇದನ ಶೂನ್ಯ ಗಣ ಕಣೇ. ಯಾವತ್ತೂ ಎಲ್ಲರೂ ಒಟ್ಟಿಗೆ ಸೇರಲ್ಲ.”

ಎಲ್ಲರೂ ಒಟ್ಟಿಗೇ ಬಂದರು. ಮೇಷ್ಟ್ರ ಲೆಕ್ಕದಲ್ಲಿ ಅಪ್ಪ-ಅಮ್ಮಂದಿರು ಮಕ್ಕಳನ್ನು ಬಿಟ್ಟು ಓಡಿಹೋಗುವ ಸಾಧ್ಯತೆಯನ್ನು ಸೇರಿಸಿರಲಿಲ್ಲ.

ಬೆಂಗಳೂರಿನಿಂದ ತಿಪಟೂರಿಗೆ ಬಸ್ಸಿನಲ್ಲಿ ಬರುವುದೆಂದರೆ ಈಗ ಅದಕ್ಕೂ ಒಂದು ರಾಜಕೀಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನಲ್ಲಿ ನನ್ನ ಮಗಳಿಗೆ ಶೂನ್ಯ ಟಿಕೆಟ್, ಹತ್ತು ವರ್ಷದ ಅಮ್ಮುಗೂ ಶೂನ್ಯ ಟಿಕೆಟ್. ಅಳಿಯಂದಿರಿಗೆ ಫುಲ್ಲು, ಎಂಟು ವರ್ಷದ ಗುಂಡನಿಗೆ ಹಾಫು. ಗುಂಡ ಟಿಕೆಟ್ ಹಿಡಿದುಕೊಂಡು ಎದ್ದು ನಿಂತನಂತೆ: “ದುಡ್ಡು ಕೊಟ್ಟಿರೋನು ನಾನು, ಕಿಟಕಿ ನಂದು.” ಅಮ್ಮು ಸುಮ್ಮನಿರುವವಳೇ? “ಕೊಟ್ಟಿದ್ದು ಅಪ್ಪ. ಹಾಗಾದ್ರೆ ಅಪ್ಪ ಕೂತ್ಕೊಳ್ಳಲಿ.” ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಉಪ್ಪು-ಖಾರ ಸವರಿದ ಸೌತೆಕಾಯಿ ಕೊಡಿಸಿದರೂ ರಾಜಿಯಾಗದೆ, ಗುಬ್ಬಿ ದಾಟುವ ತನಕ ಕಿಟಕಿ ಅಳಿಯಂದಿರ ಪಾಲಾಗಿತ್ತು. ಅವರೊಬ್ಬರೇ ಸುಖವಾಗಿ ನಿದ್ದೆ ಮಾಡಿಕೊಂಡು ಬಂದಿಳಿದರು.

ಮನೆಗೆ ಕಾಲಿಟ್ಟ ಮಾರನೆಯ ಬೆಳಗ್ಗೆ ಅಮ್ಮು ಕೇಳಿದ ಮೊದಲ ಪ್ರಶ್ನೆ, “ಅಜ್ಜಿ, ಇವತ್ತಿನ ಶೆಡ್ಯೂಲ್ ಏನು?” ಪಾಪ, ಅವಳ ತಪ್ಪಲ್ಲ. ರಜೆ ಶುರುವಾದ ಕೂಡಲೇ ಅವಳನ್ನು ಬೇಸಿಗೆ ಶಿಬಿರಕ್ಕೆ ಹಾಕಿದ್ದರು. ಬೆಳಗ್ಗೆ ಈಜು, ಆಮೇಲೆ ಕೀಬೋರ್ಡು, ಮಧ್ಯಾಹ್ನ ವ್ಯಕ್ತಿತ್ವ ವಿಕಸನ. ಈ ಹುಡುಗಿಯ ವ್ಯಕ್ತಿತ್ವ ಇನ್ನೂ ವಿಕಸನವಾದರೆ ಮನೆಯಲ್ಲಿ ನಾವೆಲ್ಲ ಎಲ್ಲಿರಬೇಕು ಎಂದು ಯಾರೂ ಯೋಚಿಸಿದ ಹಾಗಿಲ್ಲ. ಗುಂಡನಿಗೆ ‘ಬೆಂಕಿಯಿಲ್ಲದ ಅಡುಗೆ’ ಕಲಿಸಿದ್ದರು. ಅದರ ಫಲವಾಗಿ ನನ್ನ ಅಡುಗೆಮನೆಯಲ್ಲಿ ಇದ್ದಬದ್ದ ಕಡ್ಲೆಪುರಿ, ಈರುಳ್ಳಿ, ನಿಂಬೆಹಣ್ಣು ಎರಡೇ ದಿನದಲ್ಲಿ ಖಾಲಿ. ಎಲ್ಲ ಶಿಬಿರಗಳನ್ನೂ ಹೀಗಳೆಯುವುದಿಲ್ಲ, ಮತ್ತೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿ ನಿಲ್ಲಿಸಿದ ಮೈಸೂರಿನ ರಂಗಾಯಣದಲ್ಲಿ ಬೇಸಿಗೆಗೆ ಚಿನ್ನರ ಮೇಳ ನಡೆಯುತ್ತದಲ್ಲ, ಅಲ್ಲಿಗೆ ಹೋದ ಮಕ್ಕಳು ಮೈಕೈ ಕೊಳೆ ಮಾಡಿಕೊಂಡು, ಹಾಡು ಗುನುಗಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಮನೆಗೆ ಬರುತ್ತಾರೆ. ಅದಕ್ಕೆ ಅಪ್ಪ-ಅಮ್ಮಂದಿರು ಅರ್ಜಿ ಹಿಡಿದು ಸಾಲು ನಿಲ್ಲುವುದರಲ್ಲಿ ಅರ್ಥವಿದೆ. ಮಿಕ್ಕವು ಬಹುಪಾಲು ಶಾಲೆಯೇ, ಯೂನಿಫಾರಂ ಒಂದಿಲ್ಲ ಅಷ್ಟೆ.

“ಶೆಡ್ಯೂಲ್ ಇಲ್ಲ” ಎಂದೆ. ಹುಡುಗಿ ಗಾಬರಿಯಾಗಿ ಅಮ್ಮನಿಗೆ ಫೋನು ಮಾಡಿದಳು.

ಆ ಗಾಬರಿ ಹೋಗಲಾಡಿಸುವ ಹೊಣೆಯನ್ನು ಯಜಮಾನರು ಹೊತ್ತರು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ನೆರಳಿಲ್ಲದ ದಿನ ಬರುತ್ತದೆ. ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಂತು, ನೆಟ್ಟಗಿರುವ ಯಾವ ವಸ್ತುವಿನ ನೆರಳೂ ಪಕ್ಕಕ್ಕೆ ಬೀಳುವುದಿಲ್ಲ. ನಮ್ಮೂರಿನಲ್ಲೂ ಅದರ ಆಸುಪಾಸಿನಲ್ಲೇ. ಮೇಷ್ಟ್ರು ನನ್ನ ಕಾಫಿ ಲೋಟ, ನಶ್ಯದ ಡಬ್ಬಿ, ದೇವರ ಮನೆಯ ಪಂಚಪಾತ್ರೆ ಎಲ್ಲವನ್ನೂ ಮಾಳಿಗೆಗೆ ಸಾಗಿಸಿ ಸಾಲಾಗಿ ನಿಲ್ಲಿಸಿದರು. ಮಕ್ಕಳು ಬರಿಗಾಲಿನಲ್ಲಿ ಹೋಗಿ, ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತಾ, “ಬೇಗ ತಾತಾ, ಬೇಗ” ಎನ್ನುತ್ತಿದ್ದರು. ತಾತ ಕರ್ಕಾಟಕ, ಮಕರ ಸಂಕ್ರಾಂತಿ ವೃತ್ತಗಳ ನಡುವೆ ಇರುವವರಿಗೆ ಮಾತ್ರ ವರ್ಷಕ್ಕೆ ಎರಡು ಸಲ ಈ ಭಾಗ್ಯ, ದೆಹಲಿಯವರು ಎಷ್ಟೇ ದೊಡ್ಡವರಾದರೂ ಅವರ ನೆರಳು ಮಧ್ಯಾಹ್ನವೂ ಅವರನ್ನು ಬಿಡುವುದಿಲ್ಲ ಎಂದು ಭಾಷಣ ಬಿಗಿಯುತ್ತಿದ್ದರು. ಲೋಟದ ನೆರಳು ಸರಿಯುತ್ತ ಸರಿಯುತ್ತ ಅದರ ಬುಡದೊಳಗೇ ಸೇರಿಹೋಯಿತು. ಮೂವರು ಚಪ್ಪಾಳೆ ತಟ್ಟಿದರು. ಪುಟ್ಟಿ ಮಾತ್ರ ತನ್ನ ಕಾಲ ಬುಡ ನೋಡಿಕೊಂಡು, ಹಿಂದೆ ತಿರುಗಿ ನೋಡಿ, ಗೋಳೋ ಎಂದು ಅತ್ತಳು. “ನಂದು ಯಾರೋ ತಗೊಂಡ್ರು!” ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ಅವಳನ್ನು ಸಮಾಧಾನ ಮಾಡಲು ಆಗಲಿಲ್ಲ. ಮೂರು ಗಂಟೆಗೆ ಹಿತ್ತಿಲಲ್ಲಿ ಅವಳ ನೆರಳು ತಾನಾಗಿ ವಾಪಸು ಬಂದ ಮೇಲೆಯೇ ಮಜ್ಜಿಗೆ ಕುಡಿದದ್ದು. ಇನ್ನೊಂದು ಸಲ ಆಗಸ್ಟ್ 18ರ ಸುಮಾರಿಗೆ ಬರುತ್ತದಂತೆ. ಆಗ ಇವರೆಲ್ಲ ಶಾಲೆಯಲ್ಲಿರುತ್ತಾರೆ, ನನ್ನ ಲೋಟ ಉಳಿಯುತ್ತದೆ.

ಇಷ್ಟು ಬಿಸಿಲನ್ನು ಸುಮ್ಮನೆ ಲೋಟಕ್ಕೆ ಹಾಳುಮಾಡುವುದೇ ಎಂದು ನಾನು ಅಕ್ಕಿ ನೆನೆಹಾಕಿದೆ. ಸಂಡಿಗೆ ಇಡುವ ಮನೆಯಲ್ಲಿ ಬೆಳಗಾಗುವುದು ಐದು ಗಂಟೆಗೆ. ರುಬ್ಬಿದ ಹಿಟ್ಟನ್ನು ಕುದಿಯುವ ನೀರಿಗೆ ಬಿಟ್ಟು, ಗಂಟಾಗದ ಹಾಗೆ ಕೈಬಿಡದೆ ತಿರುಗಿಸಿ, ಜೀರಿಗೆ, ಉಪ್ಪು, ಜಜ್ಜಿದ ಹಸಿಮೆಣಸಿನಕಾಯಿ ಹಾಕಿ ಇಳಿಸುವಷ್ಟರಲ್ಲಿ ನಾಲ್ಕು ತಟ್ಟೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದವು. ಬಿಸಿ ಹಿಟ್ಟಿಗೆ ತುಪ್ಪ ಹಾಕಿಕೊಂಡು ತಿನ್ನುವ ವಿದ್ಯೆಯನ್ನು ಇವರಿಗೆ ಯಾವ ಶಿಬಿರದವರೂ ಕಲಿಸಿಲ್ಲ. ಕಾಲುಭಾಗ ಅಲ್ಲೇ ಹೋಯಿತು. ಉಳಿದದ್ದನ್ನು ಮಾಳಿಗೆಯ ಮೇಲೆ ಒದ್ದೆ ಪಂಚೆ ಹಾಸಿ, ಸೌಟಿನಲ್ಲಿ ಸಾಲುಸಾಲಾಗಿ ಇಟ್ಟು, ಕಾಗೆ ಕಾಯಲು ಕೊಡೆ-ಕೋಲು ಕೊಟ್ಟು ನಾಲ್ವರನ್ನೂ ಕೂರಿಸಿದೆ.

ಹನ್ನೊಂದು ಗಂಟೆಯ ಸಂಡಿಗೆಯ ರುಚಿ ಬಲ್ಲವರೇ ಬಲ್ಲರು. ಅಂಚು ಗರಿಗರಿ, ನಡುವೆ ಇನ್ನೂ ಮೆತ್ತಗೆ, ಬಟ್ಟೆಯಿಂದ ಎಬ್ಬಿಸಿದರೆ ಅರ್ಧ ಕೈಗೆ, ಅರ್ಧ ಪಂಚೆಗೆ. ಮಧ್ಯಾಹ್ನ ಹೋಗಿ ನೋಡಿದರೆ ಮೂರು ಸಾಲು ನಾಪತ್ತೆ. “ಕಾಗೆ ಅಜ್ಜಿ, ಎಷ್ಟು ಓಡಿಸಿದ್ರೂ ಹೋಗಲ್ಲ” ಎಂದ ಗುಂಡ, ಗಲ್ಲದ ಮೇಲೆ ಜೀರಿಗೆ ಅಂಟಿಸಿಕೊಂಡು. ತಾತ ಬಗ್ಗಿ ಸ್ಥಳ ಪರಿಶೀಲನೆ ಮಾಡಿದರು. “ಕಾಗೆ ಅಲ್ಲೊಂದು ಇಲ್ಲೊಂದು ಕುಕ್ಕುತ್ತೆ ಕಣೋ. ಎಡದಿಂದ ಬಲಕ್ಕೆ ಸಾಲು ಬಿಡದೆ ತಿನ್ನೋದು ಅಕ್ಷರ ಕಲಿತವರೇ.”

ಪೂರಾ ಒಣಗಿದ ಮೇಲೆ ಪಂಚೆಯನ್ನು ಮಗುಚಿ, ಹಿಂದಿನಿಂದ ನೀರು ಚಿಮುಕಿಸಿ, ಸಂಡಿಗೆ ಬಿಡಿಸಬೇಕು. ಆ ನೀರನ್ನು ಚಿಮುಕಿಸುವ ಕೆಲಸವನ್ನು ಭರಣಿ ಮಳೆ ವಹಿಸಿಕೊಂಡಿತು. ಸಂಜೆ ನಾಲ್ಕಕ್ಕೆ ತೆಂಗಿನ ಗರಿಗಳು ಒಂದೇ ಕಡೆಗೆ ವಾಲಿದವು, ಧೂಳೆದ್ದಿತು, “ಪಾವೂಸ್ ಆಲಾ!” ಎಂದು ಪುಣೆಯವನು ಮರಾಠಿಯಲ್ಲಿ ಕೂಗಿದ. ಅರ್ಥ ಯಾರಿಗೂ ಹೇಳಬೇಕಾಗಲಿಲ್ಲ. ಮನೆಯಲ್ಲಿದ್ದವರೆಲ್ಲ ಮೆಟ್ಟಿಲು ಹತ್ತಿದೆವು. ನಾಲ್ಕು ಮಕ್ಕಳು ಪಂಚೆಯ ನಾಲ್ಕು ಮೂಲೆ ಹಿಡಿದು, ಇಷ್ಟಗಲದ ಮೆಟ್ಟಿಲಿನಲ್ಲಿ ಮದುವೆ ಮೆರವಣಿಗೆಯಂತೆ ಇಳಿಯುತ್ತಿರುವಾಗ ಟಪಟಪ ಆಲಿಕಲ್ಲು ಬಿತ್ತು. ಆಲಿಕಲ್ಲು ಬಿದ್ದ ಮೇಲೆ ಮೂಲೆ ಹಿಡಿದು ನಿಲ್ಲುವ ಮಗು ಈ ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ. ಮೂರು ಮೂಲೆ ಒಟ್ಟಿಗೇ ಕೈಬಿಟ್ಟವು. ಸಂಡಿಗೆಯೆಲ್ಲ ಜಾರಿ ನಾಲ್ಕನೆಯ ಮೂಲೆಗೆ, ಅಂದರೆ ಏನೂ ತಿಳಿಯದೆ ಗಟ್ಟಿಯಾಗಿ ಹಿಡಿದು ನಿಂತಿದ್ದ ಪುಟ್ಟಿಯ ಮಡಿಲಿಗೆ ಬಂದು ಸೇರಿ, ಬೆಳಗಿನ ಹಿಟ್ಟು ಮತ್ತೆ ಹಿಟ್ಟೇ ಆಯಿತು. ಮಿಕ್ಕವರು ಅಂಗಳದಲ್ಲಿ ಲೋಟಕ್ಕೆ ಆಲಿಕಲ್ಲು ತುಂಬುತ್ತಿದ್ದರು. ಯಜಮಾನರು ಜಗಲಿಯಲ್ಲಿ ನಿಂತು, “ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ” ಎಂದು ಗಾದೆ ಹೇಳಿದರು. ನಾನು ಅವರ ಮುಖ ನೋಡಿದೆ. ಅವರು ಗಾದೆಯನ್ನು ಅಲ್ಲಿಗೇ ನಿಲ್ಲಿಸಿದರು.

ಮಾರನೆಯ ದಿನ ಆ ಮುದ್ದೆಗೆ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟು ತಿಂಡಿಗೆ ಬಡಿಸಿದೆ. ಪುಣೆಯಿಂದ ಮಗನನ್ನು ನೋಡಲು ಬಂದಿದ್ದ ಸೊಸೆ ಬಲು ರುಚಿಯಾಗಿದೆ ಎಂದು ಮಾಡುವ ವಿಧಾನ ಬರೆದುಕೊಂಡಳು. ಮಳೆಯ ಭಾಗವನ್ನು ನಾನು ಹೇಳಲಿಲ್ಲ.

ಮಳೆ ಬಂದ ಆ ರಾತ್ರಿಯೆಲ್ಲ ಕರೆಂಟಿರಲಿಲ್ಲ. ಏಳೂವರೆಗೆ ಐಪಿಎಲ್ ಇತ್ತು, ನನ್ನ ಧಾರಾವಾಹಿಯೂ ಇತ್ತು. ಎರಡೂ ಹೋದ್ದರಿಂದ ರಿಮೋಟಿನ ಯುದ್ಧ ತಪ್ಪಿತು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕಾಬಾರದ ಮನೆ ಬರೆದೆ, ಹುಣಸೆಬೀಜವನ್ನು ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿ ಕವಡೆಯ ಬದಲಿಗೆ ಕೊಟ್ಟೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂಟು ಮನೆ. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂದು ಕೇಳಿದ್ದೇ ಅಮ್ಮುವಿನ ವ್ಯಕ್ತಿತ್ವ ಪೂರ್ತಿ ವಿಕಸನಗೊಂಡಿತು. ತಾತನ ಹಣ್ಣಾಗಲಿದ್ದ ಕಾಯಿಯನ್ನು ಹೊಡೆದು ಮನೆಗೆ ಕಳಿಸಿದಳು. ಸಂಭವನೀಯತೆಯ ಪಾಠ ಮಾಡಿದ ಮೇಷ್ಟ್ರು ಬೀಜ ಸರಿಯಾಗಿ ಉಜ್ಜಿಲ್ಲ ಎಂದು ತಕರಾರು ತೆಗೆದು ಎದ್ದು ಹೋದರು.

ಮೇ ಹೊತ್ತಿಗೆ ಮಾವು. ಅದರದೊಂದು ಬೇರೆಯೇ ನ್ಯಾಯಾಲಯ. ಸೀಕರಣೆಗೆ ರಸಪುರಿ, ಕೊಯ್ದು ತಿನ್ನಲು ಬಾದಾಮಿ ಎಂದು ತಾತ ಬುಟ್ಟಿ ಇಳಿಸಿದರೆ, ಪುಣೆಯವನು ಹಾಪುಸ್ ಮುಂದೆ ಇದೆಲ್ಲ ಏನೂ ಅಲ್ಲ ಎಂದುಬಿಟ್ಟ. “ಲೋ, ನಿಮ್ಮ ಹಾಪುಸ್ಸೇ ನಮ್ಮ ಬಾದಾಮಿ!” “ಅಲ್ಲ ತಾತಾ, ರತ್ನಾಗಿರಿದೇ ಬೇರೆ.” ಗಡಿ ವಿವಾದ ಊಟಕ್ಕೇ ಬಂತು. ಆದರೆ ಹೋಳಿಗೆ ಜಗಳವಿಲ್ಲ, ಜಗಳ ವಾಟೆಗೆ. ಹಣ್ಣು ಮೂರು, ವಾಟೆ ಮೂರು, ಬಾಯಿ ನಾಲ್ಕು. ಕೊನೆಗೆ ತಾತ ಕ್ಯಾಲೆಂಡರಿನ ಹಿಂಬದಿಯಲ್ಲಿ ವಾಟೆಯ ವೇಳಾಪಟ್ಟಿ ಬರೆದು ಅಂಟಿಸಿದರು. ಪುಟ್ಟಿಯ ಸರದಿ ಬಂದ ದಿನ ಅವಳನ್ನು ಬರೀ ಚಡ್ಡಿಯಲ್ಲಿ ಬಚ್ಚಲಿನಲ್ಲಿ ನಿಲ್ಲಿಸುವುದು. ರಸ ಮೊಣಕೈಗೆ ಇಳಿದು, ಹೊಟ್ಟೆಯ ಮೇಲೆ ಹರಿದು, ಹೊಕ್ಕುಳಲ್ಲಿ ನಿಲ್ಲುತ್ತಿತ್ತು. ವಾಟೆಯ ನಾರು ಬೆಳ್ಳಗಾಗುವ ತನಕ ಬಾಗಿಲು ಬಡಿದರೂ ಉತ್ತರವಿಲ್ಲ. ನೀರಲ್ಲಿ ನೆನೆಹಾಕಿ ಕೊಟ್ಟರೂ ಉಷ್ಣ ಬಿಡುತ್ತದೆಯೇ? ನಾಲ್ವರ ಬೆನ್ನಿಗೂ ಬೆವರುಸಾಲೆ, ಒಬ್ಬನಿಗೆ ಹೊಟ್ಟೆ ಕೆಟ್ಟು ಗಂಜಿ-ಮಜ್ಜಿಗೆ. ಫೋನಿನಲ್ಲಿ ಮೂವರು ತಾಯಂದಿರ ವಿಚಾರಣೆ: “ಏನು ಕೊಟ್ಟೆ ಅಮ್ಮಾ?” ಇವರನ್ನೂ ಇದನ್ನೇ ಕೊಟ್ಟು ಬೆಳೆಸಿದ್ದು ಎಂದು ಹೇಳಿದರೆ ಗ್ರೂಪಿನಲ್ಲಿ ಯಾರೂ ಮಾತಾಡುವುದಿಲ್ಲ.

ಮೇ ಕೊನೆಯ ವಾರ ಬಂದವರೆಲ್ಲ ಬಂದು ತಮ್ಮತಮ್ಮದನ್ನು ಎಣಿಸಿಕೊಂಡು ಕರೆದೊಯ್ದರು. ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಮಲಗೋಣವೆಂದರೆ ನ್ಯೂಜೆರ್ಸಿಯಿಂದ ಕಿರಿಮಗನ ಫೋನು. ಅಲ್ಲಿ ಶಾಲೆ ಮುಚ್ಚುವುದೇ ಜೂನ್ ಮಧ್ಯ ಕಳೆದ ಮೇಲೆ. ಅವನ ಮಗಳು ಬಂದಿಳಿಯುವಾಗ ಇಲ್ಲಿ ಅಣ್ಣ-ಅಕ್ಕಂದಿರು ಶಾಲೆಯಲ್ಲಿ, ಬಾದಾಮಿ ಮುಗಿದು ಮಾರುಕಟ್ಟೆಯಲ್ಲಿ ನೀಲಂ ಒಂದೇ, ಬಿಸಿಲಿಲ್ಲದೆ ಸಂಡಿಗೆಯೂ ಇಲ್ಲ.

“ಅವಳಿಗೆ ಕನ್ನಡ ಸರಿಯಾಗಿ ಬರಬೇಕಮ್ಮಾ. ಮಕ್ಕಳ ಜೊತೆ ಬೆರೆಯೋ ಹಾಗೆ ಯಾವುದಾದರೂ ಒಳ್ಳೆ ಸಮ್ಮರ್ ಕ್ಯಾಂಪ್ ನೋಡಿಡಿ. ಊಟಾನೂ ಅವರೇ ಕೊಟ್ಟರೆ ನಿಮಗೂ ತೊಂದರೆಯಿಲ್ಲ. ಫೀಸ್ ಎಷ್ಟಾದರೂ ಪರವಾಗಿಲ್ಲ.”

ಫೋನು ಸ್ಪೀಕರಿನಲ್ಲಿತ್ತು. ಯಜಮಾನರು ಪೇಪರು ಕೆಳಗಿಟ್ಟು ಹೇಳಿದರು: “ಇದೆಯಪ್ಪಾ, ಪಕ್ಕದ ಬೀದೀಲೇ ಇದೆ. ಸರ್ಕಾರಿ ಪ್ರಾಥಮಿಕ ಶಾಲೆ. ಹೆಡ್‌ಮಾಸ್ಟರು ನನ್ನ ಸ್ಟೂಡೆಂಟು, ಬಿಸಿಯೂಟಾನೂ ಹಾಕ್ತಾರೆ. ಕಳಿಸು.”