ನಡುವಿನ ರಾಯರು

1999ರಲ್ಲಿ ಎಸ್‌ಐಪಿ ಎಂಬ ನಿಯಮಾವಳಿ ಬರೆದವರು ಒಳ್ಳೆಯ ಮನಸ್ಸಿನ ಜನ. ಇಂಟರ್ನೆಟ್ ಮೇಲೆ ಒಂದು ಫೋನು ಇನ್ನೊಂದನ್ನು ಮಾತಿಗೆ ಕರೆಯಬೇಕು, ಅದು ಒಪ್ಪಬೇಕು, ಮಾತು ಮುಗಿದ ಮೇಲೆ ‘ಬೈ’ ಹೇಳಬೇಕು. ನಡುವೆ ಸಿಕ್ಕವರು ದಾರಿ ತೋರಿಸಿ ತೆಪ್ಪಗಿರಬೇಕೇ ಹೊರತು ಮಾತಿನೊಳಗೆ ತಲೆ ಹಾಕಬಾರದು ಎಂಬುದು ಅವರ ಆಸೆ. ಪಾಪ, ಅವರಿಗೆ ನಮ್ಮ ಕಡೆಯ ಒಂದು ಮದುವೆ ಕುದುರಿಸಿ ಅಭ್ಯಾಸವಿರಲಿಲ್ಲ.

ನಮ್ಮಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಎದುರಾಬದುರು ಕೂತು ಎಲ್ಲವನ್ನೂ ಮಾತಾಡುವುದುಂಟೆ? ನಡುವೆ ಒಬ್ಬ ರಾಯರು ಬೇಕು. ಗಂಡಿನ ತಾಯಿ ‘ಇಷ್ಟು ಚಿಕ್ಕ ಛತ್ರದಲ್ಲಿ ಮದುವೇನಾ?’ ಎಂದದ್ದು ರಾಯರ ಬಾಯಿಂದ ‘ಅವರ ಬಳಗ ದೊಡ್ಡದು, ಎಲ್ಲರಿಗೂ ನಿಮ್ಮನ್ನು ನೋಡೋ ಆಸೆ’ ಎಂದು ಹೊರಬೀಳುತ್ತದೆ. ಈ ಕಡೆಯವರು ‘ಬೇಕಾದ್ರೆ ಅವರೇ ಛತ್ರ ಹಿಡೀಲಿ’ ಎಂದು ಸಿಡುಕಿದರೆ, ಆ ಕಡೆ ತಲುಪುವುದು ‘ಛತ್ರ ನೀವೇ ನೋಡಿದ್ರೆ ಅವರಿಗೆ ಸಂತೋಷವಂತೆ’ ಎಂಬ ಮಾತು. ಎರಡು ಫೋನ್ ಕಂಪನಿಗಳ ಗಡಿಯಲ್ಲಿ ಕೂತ ಸೆಷನ್ ಬಾರ್ಡರ್ ಕಂಟ್ರೋಲರ್ ಎಂಬ ಯಂತ್ರ ಮಾಡುವುದು ಇದನ್ನೇ. ಕೆಲಸದವರು ಅದನ್ನು ಎಸ್‌ಬಿಸಿ ಅನ್ನುತ್ತಾರೆ. ಈ ಕಡೆಯ ಕಂಪನಿಯ ಮಟ್ಟಿಗೆ ಕರೆ ಎಸ್‌ಬಿಸಿಯಲ್ಲೇ ಮುಗಿಯಿತು. ಎಸ್‌ಬಿಸಿ ಆಚೆ ತಿರುಗಿ, ತಾನೇ ಮಾಡಿದಂತೆ, ಇನ್ನೊಂದು ಕಂಪನಿಗೆ ಹೊಸದೊಂದು ಕರೆ ಹಚ್ಚುತ್ತದೆ. ನಮಗೆ ಒಂದೇ ಎನಿಸಿದ ಮಾತುಕತೆ ಅದರ ದಾಖಲೆಯಲ್ಲಿ, ಅಂದರೆ ಲಾಗಿನಲ್ಲಿ, ಎರಡು ಕರೆ.

ಮನೆಯ ಗುಟ್ಟು ಹೊರಗೆ ಬಿಡದಿರುವುದು ಇದರ ಇನ್ನೊಂದು ಗುಣ. ಕರೆಯ ಸಂದೇಶವನ್ನು ಸಾಗಿಸುವ ಪ್ರತಿ ಸರ್ವರೂ, ಉತ್ತರ ಅದೇ ದಾರಿಯಲ್ಲಿ ಹಿಂದಿರುಗಲೆಂದು, ತನ್ನ ವಿಳಾಸವನ್ನು ಅದರಲ್ಲಿ ಒಂದು ಸಾಲಾಗಿ ಸೇರಿಸುತ್ತದೆ. ಹಾಗೇ ಬಿಟ್ಟರೆ ನಿಮ್ಮಲ್ಲಿ ಯಾವ ಯಾವ ಸರ್ವರಿದೆ ಎಂದು ಪೈಪೋಟಿಯ ಕಂಪನಿ ಕೂತಲ್ಲೇ ಊಹಿಸೀತು. ಎಸ್‌ಬಿಸಿ ಆ ಸಾಲುಗಳನ್ನು ಅಳಿಸಿ ತನ್ನದೊಂದನ್ನೇ ಬರೆದು ಕಳಿಸುತ್ತದೆ, ಉತ್ತರ ಬಂದಾಗ ಅಳಿಸಿದ್ದನ್ನೆಲ್ಲ ಮತ್ತೆ ಜೋಡಿಸುತ್ತದೆ.

ಆದರೆ ಇದರ ನಿಜವಾದ ಬೆಲೆ ತಿಳಿಯುವುದು ಒಂದು ಕಡೆಯ ಮಾತು ಮಾತ್ರ ಕೇಳಿಸುವ ಕಾಯಿಲೆ ಬಂದಾಗ. ನ್ಯೂಜೆರ್ಸಿಯ ಮಗಳು ಇಂಟರ್ನೆಟ್ ಫೋನಿನಿಂದ ಮೈಸೂರಿನ ಲ್ಯಾಂಡ್‌ಲೈನಿಗೆ ಕರೆ ಮಾಡಿ ‘ಅಮ್ಮಾ, ಕೇಳಿಸ್ತಿದ್ಯಾ?’ ಅನ್ನುತ್ತಾಳೆ. ಅಮ್ಮ ‘ಕೇಳಿಸ್ತಿದೆ ಕಣೇ’ ಎಂದು ಪಕ್ಕದ ಮನೆಯವರು ಕಿಟಕಿ ತೆಗೆಯುವಷ್ಟು ಜೋರಾಗಿ ಕೂಗುತ್ತಾರೆ. ಮಗಳಿಗೆ ಮಾತ್ರ ಕೇಳಿಸದು. ಕೂಗಿದರೆ ಹೋಗುವ ಕಾಯಿಲೆಯಲ್ಲ ಅದು. ಮಗಳ ಫೋನು ‘ಧ್ವನಿಯನ್ನು ಇಲ್ಲಿಗೆ ಕಳಿಸಿ’ ಎಂದು 192.168.1.5 ಎಂಬಂಥ ವಿಳಾಸ ಬರೆದಿರುತ್ತದೆ. ಅದು ಮನೆಯ ರೂಟರು ಮನೆಯೊಳಗಿನ ಬಳಕೆಗೆ ಕೊಟ್ಟದ್ದು, ಲಕ್ಷಾಂತರ ಮನೆಗಳಲ್ಲಿ ಅದೇ ವಿಳಾಸ ಇರುತ್ತದೆ. ಹೊರಗಿನಿಂದ ಅದಕ್ಕೆ ಕಳಿಸಿದ್ದು ಎಲ್ಲೂ ತಲುಪುವುದಿಲ್ಲ. ಒಳ್ಳೆಯ ಎಸ್‌ಬಿಸಿ ಬರೆದ ವಿಳಾಸವನ್ನು ನಂಬುವುದೇ ಇಲ್ಲ. ಮಗಳ ಧ್ವನಿಯ ಮೊದಲ ತುಣುಕು ನಿಜವಾಗಿ ಎಲ್ಲಿಂದ ಬಂತೆಂದು ನೋಡಿಕೊಂಡು, ಅಮ್ಮನ ಧ್ವನಿಯನ್ನು ಅತ್ತಲೇ ತಿರುಗಿಸುತ್ತದೆ. (ವಾಟ್ಸಾಪಿನಿಂದ ವಾಟ್ಸಾಪಿಗೆ ಮಾಡುವ ಕರೆಯ ಮಾತು ಬೇರೆ. ಅಲ್ಲಿ ಎರಡು ಕಡೆಗೂ ಒಬ್ಬನೇ ಯಜಮಾನ.) ಧ್ವನಿಯನ್ನು ಅಂಕಿಗಳಾಗಿ ಕಟ್ಟುವ ಪದ್ಧತಿಯೂ ಎರಡು ಕಡೆ ಬೇರೆಯಿರಬಹುದು. ಸೆಕೆಂಡಿಗೆ 64 ಕಿಲೋಬಿಟ್ ಬೇಕೆನ್ನುವ ಜಿ.711 ಈಚೆ, 8ರಲ್ಲೇ ಸಂಸಾರ ತೂಗಿಸುವ ಜಿ.729 ಆಚೆ ಇದ್ದರೆ ಒಂದನ್ನು ಇನ್ನೊಂದಕ್ಕೆ ಬದಲಾಯಿಸುವ ಚಾಕರಿಯೂ ಸಾಮಾನ್ಯವಾಗಿ ಎಸ್‌ಬಿಸಿಯ ತಲೆಗೇ ಬರುತ್ತದೆ.

ಇನ್ನು ಕಳ್ಳರು. ಎಸ್‌ಐಪಿಯ 5060ನೇ ಪೋರ್ಟನ್ನು ಕಾವಲಿಲ್ಲದೆ ಇಂಟರ್ನೆಟ್ಟಿಗೆ ತೆರೆದಿಟ್ಟರೆ ಹೆಚ್ಚು ಹೊತ್ತು ಕಾಯಬೇಕಿಲ್ಲ. ಯಾರೋ ಬಂದು 100, 101, 102 ಎಂದು ಎಕ್ಸ್‌ಟೆನ್ಷನ್ ನಂಬರುಗಳನ್ನು ಒಂದೊಂದಾಗಿ ತಟ್ಟತೊಡಗುತ್ತಾರೆ. ಬಂದವರ ಗುರುತಿನ ಸಾಲಿನಲ್ಲಿ ಎಷ್ಟೋ ಸಲ ‘ಫ್ರೆಂಡ್ಲಿ ಸ್ಕ್ಯಾನರ್’ ಎಂದಿರುತ್ತದೆ! ಭದ್ರತೆ ಪರೀಕ್ಷಿಸಲೆಂದು ಬರೆದ ಒಂದು ಸಾಫ್ಟ್‌ವೇರು ತಾನಾಗಿ ಹಾಕಿಕೊಳ್ಳುವ ಹೆಸರದು, ಕಳ್ಳನಿಗೆ ಬದಲಾಯಿಸುವಷ್ಟೂ ವ್ಯವಧಾನವಿಲ್ಲ. ಒಂದು ಪಾಸ್‌ವರ್ಡ್ ಸಿಕ್ಕಿತೋ, ಶನಿವಾರ ರಾತ್ರಿಯಿಡೀ ದುಬಾರಿ ವಿದೇಶಿ ನಂಬರುಗಳಿಗೆ ಕರೆ, ಸೋಮವಾರ ಅಕೌಂಟೆಂಟರಿಗೆ ಎದೆನೋವು. ಗಡಿಯಲ್ಲಿ ಎಸ್‌ಬಿಸಿ ನೆಟ್ಟಗೆ ಕೂತಿದ್ದರೆ ಇಂಥವರು ಬಾಗಿಲಲ್ಲೇ ವಾಪಸು.

ನಮ್ಮ ದೇಶದಲ್ಲಿ ಇದರ ಮೇಲೆ ಸರಕಾರದ ಮಡಿಯೊಂದು ಬೇರೆ ಇತ್ತು. ಕಾಲ್‌ಸೆಂಟರುಗಳ ಖಾಸಗಿ ಇಂಟರ್ನೆಟ್ ಫೋನಿನ ಜಾಲವೂ ಊರ ಫೋನಿನ ಜಾಲವೂ ಒಂದನ್ನೊಂದು ಮುಟ್ಟುವಂತಿರಲಿಲ್ಲ. ಬೆಂಗಳೂರಿನ ಎಂಜಿನಿಯರುಗಳು ಎರಡು ಜಾಲ ಕೂಡಿಸಲು ಹುಟ್ಟಿದ ಯಂತ್ರಗಳನ್ನು ಎದುರಿಗಿಟ್ಟುಕೊಂಡು, ಅವು ಕೂಡದಂತೆ ನೋಡಿಕೊಳ್ಳುವುದಕ್ಕೇ ಸಂಬಳ ಎಣಿಸಿದ್ದುಂಟು. 2020ರ ನವೆಂಬರಿನಲ್ಲೂ 2021ರ ಜೂನಿನಲ್ಲೂ ದೂರಸಂಪರ್ಕ ಇಲಾಖೆ ಆ ನಿಯಮಗಳನ್ನು ಸಡಿಲಿಸಿತು.

ಮಧ್ಯವರ್ತಿಗೆ ಎಲ್ಲ ಗುಟ್ಟೂ ಗೊತ್ತು ಎಂಬ ತಕರಾರು ಸುಳ್ಳಲ್ಲ. ಎರಡು ಕಡೆಯ ಗುಪ್ತಲಿಪಿಯನ್ನೂ ತಾನೇ ಬಿಚ್ಚಿ ಕಟ್ಟುವ ಎಸ್‌ಬಿಸಿ ಬೇಕೆಂದರೆ ಮಾತನ್ನೂ ಕೇಳಿಸಿಕೊಳ್ಳಬಲ್ಲದು, ಕಾನೂನಿನ ಆದೇಶ ಬಂದರೆ ಕೇಳಿಸಿಯೂ ಕೊಡಬಲ್ಲದು. ಇಂಟರ್ನೆಟ್ ನಿಯಮ ಬರೆಯುವ ಐಇಟಿಎಫ್ 2010ರಲ್ಲಿ ಆರ್‌ಎಫ್‌ಸಿ 5853 ಎಂಬ ದಸ್ತಾವೇಜು ಹೊರತಂದು, ಈ ಯಂತ್ರ ಮಾಡುವ ಕೆಲಸಗಳನ್ನೂ ಅವುಗಳಿಂದಾಗುವ ತೊಂದರೆಗಳನ್ನೂ ಬರೆದಿಟ್ಟಿತು. ಬೈದುಕೊಂಡೇ ಒಪ್ಪಿಕೊಂಡ ಹಾಗೆ ಓದಿಸಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಒಪ್ಪಿಕೊಂಡದ್ದೇ ಸರಿ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಇಂಟರ್ನೆಟ್ ಫೋನಿನ ಕರೆ ಕೈಕೊಟ್ಟರೆ ಸಹಾಯವಾಣಿಗೆ ‘ನಿಮ್ಮ ನೆಟ್‌ವರ್ಕ್ ಸರಿಯಿಲ್ಲ’ ಎಂದಷ್ಟೇ ರೇಗಬೇಡಿ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾರ ಮಾತು ಯಾರಿಗೆ ಕೇಳಿಸಲಿಲ್ಲ ಎಂಬಿಷ್ಟು ಹೇಳಿ. ಲಾಗಿನಲ್ಲಿ ಆ ಎರಡು ಕರೆಗಳನ್ನು ಹುಡುಕಿ ಜೋಡಿಸಲು ಎಂಜಿನಿಯರಿಗೆ ಬೇಕಾದದ್ದು ಅಷ್ಟೇ.